ಟಿವಿಗೆ ಸಾಕಾದ ಬ್ಯಾಟರಿ

1996ರ ಮಾರ್ಚ್ 9, ಶನಿವಾರ. ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಭಾರತಕ್ಕೂ ಪಾಕಿಸ್ತಾನಕ್ಕೂ ವಿಶ್ವಕಪ್ ಕ್ವಾರ್ಟರ್ ಫೈನಲ್. ವೆಂಕಟೇಶ ಪ್ರಸಾದ್ ಆಮಿರ್ ಸೊಹೈಲನ ಸ್ಟಂಪು ಕಿತ್ತ ಪಂದ್ಯ ಎಂದರೆ ನಮ್ಮ ವಯಸ್ಸಿನವರಿಗೆ ಬೇರೆ ಗುರುತು ಬೇಡ. ಮೇಗರವಳ್ಳಿ ಕಡೆಯ ನಮ್ಮ ಊರಲ್ಲಿ ಮಾತ್ರ ಆ ರಾತ್ರಿಯ ಮಾತು ಬಂದರೆ ಇವತ್ತಿಗೂ ಜನ ಮೊದಲು ನೆನೆಯುವುದು ದೊಡ್ಡಪ್ಪನ ಅಂಬಾಸಿಡರ್ ಕಾರನ್ನು.

ಆ ಬೇಸಿಗೆಯಲ್ಲಿ ಕರೆಂಟನ್ನು ನಂಬಿ ಯಾರೂ ಯಾವ ಕೆಲಸಕ್ಕೂ ಕೈ ಹಾಕುತ್ತಿರಲಿಲ್ಲ. ದೊಡ್ಡಪ್ಪನ ಮನೆಯಲ್ಲಿ ಹದಿನಾಲ್ಕು ಇಂಚಿನ ಕಪ್ಪು ಬಿಳುಪು ಟಿವಿ ಇತ್ತು. ಅದರ ಬೆನ್ನಿಗೆ 12 ವೋಲ್ಟಿನ ಒಂದು ಸಣ್ಣ ಸಾಕೆಟ್. ಕರೆಂಟು ಹೋದರೆ ಕಾರಿನ ಬಾನೆಟ್ ಎತ್ತಿ, ಸ್ಪ್ಯಾನರಿನಲ್ಲಿ ಟರ್ಮಿನಲ್ ಬಿಚ್ಚಿ, ಬ್ಯಾಟರಿಯನ್ನು ಹೊತ್ತು ತಂದು ಜಗಲಿಯ ಮೇಲಿಡುವುದು. ವೈರು ಎಳೆದು ಟಿವಿಗೆ ಕೊಡುವುದು. ಮೂರು ದಿನದ ಹಿಂದೆ ಕಾನ್ಪುರದಲ್ಲಿ ನಡೆದ ಜಿಂಬಾಬ್ವೆ ಪಂದ್ಯವನ್ನೂ ಹಾಗೆಯೇ ನೋಡಿದ್ದೆವು. ಆಮೇಲೆ ಕಾರು ಹೆಚ್ಚು ಓಡಿರಲಿಲ್ಲ, ಬ್ಯಾಟರಿ ಮತ್ತೆ ತುಂಬಿಕೊಂಡಿರಲಿಲ್ಲ.

ಶನಿವಾರ ಊರಿಗೆ ಊರೇ ಅಂಗಳದಲ್ಲಿ ಸೇರಿತ್ತು. ಸಿಧು 93 ರನ್ ಹೊಡೆದದ್ದು, ಕೊನೆಯ ಓವರುಗಳಲ್ಲಿ ಜಡೇಜಾ ವಕಾರ್ ಯೂನಿಸನ ಚೆಂಡುಗಳನ್ನು ಅಟ್ಟಿದ್ದು, ಎಲ್ಲವನ್ನೂ ಆ ಬ್ಯಾಟರಿ ತೋರಿಸಿತು. ಎಲ್ಲರಿಗಿಂತ ಮುಂದೆ ಕುಳಿತು ಎಲ್ಲರಿಗಿಂತ ಜೋರಾಗಿ ಕೂಗಿದವನು ನಮ್ಮ ತೋಟದ ಕೊನೆಗಾರ. ಅಡಕೆ ಮರದ ತುದಿಯಲ್ಲಿ ಕುಳಿತು ಪಕ್ಕದ ಮರಕ್ಕೆ ಜೋಲಿ ಹೊಡೆದು ಹಾರುವ ಮನುಷ್ಯ, ಭೂಮಿಯ ಮೇಲೆ ಒಂದು ಗಳಿಗೆ ಸುಮ್ಮನೆ ಕೂರಲಾರದವನು. ರಾತ್ರಿ ಪಾಕಿಸ್ತಾನದ ವಿಕೆಟ್‌ಗಳು ಬೀಳತೊಡಗಿದಾಗ ಟಿವಿಯ ಚಿತ್ರ ನಾಲ್ಕೂ ಬದಿಯಿಂದ ಕುಗ್ಗತೊಡಗಿತು. ಸುತ್ತ ಕಪ್ಪು ಅಂಚು, ನಡುವೆ ಅಂಗೈ ಅಗಲದ ಮೈದಾನ. ವೋಲ್ಟೇಜು ಇಳಿದರೆ ಹಳೆಯ ಟಿವಿಗಳು ಹಾಗೆಯೇ ಮಾಡುತ್ತಿದ್ದವು. ಭಾರತ 39 ರನ್ನಿನಿಂದ ಗೆದ್ದ ಹೊತ್ತಿಗೆ ಆಟಗಾರರ ಮುಖ ಗುರುತು ಹಿಡಿಯುವಂತಿರಲಿಲ್ಲ.

ಜನ ಚದುರಿದರು. ಕೊನೆಗಾರ, ಅವನ ಹೆಂಡತಿ, ತಮ್ಮ ಮೂವರೂ ತೋಟದ ದಾರಿ ಹಿಡಿದರು. ಸಂಕ ದಾಟಿ, ಉಣುಗೋಲು ಸರಿಸಿ ಆಚೆ ಕಾಲಿಟ್ಟಲ್ಲೇ ಕೊನೆಗಾರನಿಗೆ ಹಾವು ಕಚ್ಚಿತು. ತಮ್ಮ ಅವನನ್ನು ಬೆನ್ನ ಮೇಲೆ ಹೊತ್ತು ವಾಪಸು ತಂದ. ಲಾಟೀನು ಹಿಡಿದು ನೋಡಿದರೆ ಹರಡಿನ ಪಕ್ಕ ಎರಡು ತೂತು, ರಕ್ತ ಜಿನುಗುತ್ತಲೇ ಇದೆ, ಪಾದ ಆಗಲೇ ಊದುತ್ತಿದೆ. ಹಾವು ಬುಸುಗುಟ್ಟಿದ ಸದ್ದು ಕೇಳಿಯೇ ತಮ್ಮನಿಗೆ ಗೊತ್ತಾಗಿತ್ತು, ಕೊಳಕು ಮಂಡಲ.

ಯಾರೋ ನಾಟಿ ಔಷಧಿಯ ಹೆಸರೆತ್ತಿದರು. ಇನ್ಯಾರೋ ಹಗ್ಗ ತಂದು ಮೊಣಕಾಲ ಕೆಳಗೆ ಬಿಗಿಯಲು ಹೊರಟರು. ದೊಡ್ಡಮ್ಮ ಇಬ್ಬರನ್ನೂ ತಡೆದು, ಅವನನ್ನು ಜಗಲಿಯ ಮೇಲೆ ಮಲಗಿಸಿ, "ಕಾಲು ಅಲುಗಿಸ್ಬೇಡ, ಎದ್ದು ಓಡಾಡ್ಬೇಡ" ಎಂದರು. ಬಿಗಿಯಬಾರದು, ಕೊಯ್ಯಬಾರದು, ಕಾಲನ್ನು ಅಲುಗಿಸದೆ ಬೇಗ ಆಸ್ಪತ್ರೆಗೆ ಒಯ್ಯಬೇಕು ಎಂದು ಈಗ ಡಾಕ್ಟರುಗಳು ಹೇಳುವುದೂ ಅದನ್ನೇ. ಆದರೆ ಒಯ್ಯುವುದು ಹೇಗೆ? ಕರ್ನಾಟಕಕ್ಕೆ 108 ಆಂಬುಲೆನ್ಸ್ ಬಂದದ್ದು 2008ರಲ್ಲಿ. ಪಕ್ಕದ ಎಸ್ಟೇಟಿನ ಜೀಪು ಶಿವಮೊಗ್ಗಕ್ಕೆ ಹೋಗಿತ್ತು. ತೀರ್ಥಹಳ್ಳಿಯ ಸರ್ಕಾರಿ ಆಸ್ಪತ್ರೆಗೆ ಆ ರಸ್ತೆಯಲ್ಲಿ ಮುಕ್ಕಾಲು ಗಂಟೆ ದಾರಿ. ಇದ್ದದ್ದು ಅಂಬಾಸಿಡರ್ ಒಂದೇ.

ಬ್ಯಾಟರಿಯನ್ನು ಓಡೋಡಿ ತಂದು ಕೂರಿಸಿದರು. ಡ್ರೈವರಣ್ಣ ಟರ್ಮಿನಲ್ಲಿನ ಬಿಳಿ ಪುಡಿಯನ್ನು ಚಾಕುವಿನಲ್ಲಿ ಕೆರೆದು, ಬಿಗಿಮಾಡಿ, ಸೆಲ್ಫ್ ಎಳೆದ. ಬಾನೆಟ್ಟಿನ ಕೆಳಗಿನಿಂದ ಟಕ್ ಎಂದಿತು, ಅಷ್ಟೇ. ದೊಡ್ಡಪ್ಪ, "ಇನ್ನೊಂದ್ಸಲ ನೋಡು ಮಾರಾಯ" ಎಂದರು.

"ಬ್ಯಾಡ ಗೌಡ್ರೇ, ಇರೋ ಚೂರೂ ಹೋಗ್ತದೆ. ಲೈಟೂ ಹಾಕ್ಬೇಡಿ."

ಡ್ರೈವರಣ್ಣ ಹಿಂದೆ ಆಗುಂಬೆ ಘಾಟಿಯಲ್ಲಿ ಮಿನಿ ಬಸ್ಸು ಓಡಿಸುತ್ತಿದ್ದವನು. ಹದಿನಾಲ್ಕು ಕಡಿದಾದ ತಿರುವುಗಳ ಆ ದಾರಿಯಲ್ಲಿ ಮಳೆಗಾಲದ ರಾತ್ರಿ ಬಸ್ಸು ಕೈಕೊಟ್ಟರೆ ಏನು ಮಾಡಬೇಕೆಂದು ಬಲ್ಲವನು. ಮೊದಲು ಡಿಕ್ಕಿಯಿಂದ ಹ್ಯಾಂಡಲ್ ತೆಗೆದ. ಅಂಬಾಸಿಡರಿನ ಮುಂದಿನ ಬಂಪರಿನ ತೂತಿನಲ್ಲಿ ತೂರಿಸಿ ಇಂಜಿನ್ ತಿರುಗಿಸುವ ಕಬ್ಬಿಣದ ಸರಳು ಅದು. ಹೆಬ್ಬೆರಳನ್ನು ಉಳಿದ ಬೆರಳುಗಳ ಬದಿಗೇ ಇಟ್ಟುಕೊಂಡು ಕೆಳಗಿನಿಂದ ಮೇಲಕ್ಕೆ ಎಳೆಯಬೇಕು. ಸುತ್ತಿ ಹಿಡಿದರೆ ಇಂಜಿನ್ ಹಿಂದಕ್ಕೆ ಒದ್ದಾಗ ಹೆಬ್ಬೆರಳೋ ಮಣಿಕಟ್ಟೋ ಮುರಿಯುತ್ತದೆ. 1912ರಲ್ಲಿ ಕ್ಯಾಡಿಲಾಕ್ ಕಾರಿಗೆ ಚಾರ್ಲ್ಸ್ ಕೆಟರಿಂಗ್ ರೂಪಿಸಿದ ಸೆಲ್ಫ್ ಬರುವ ತನಕ ಎಷ್ಟೋ ಜನ ಹೀಗೆ ಕೈ ಮುರಿದುಕೊಂಡಿದ್ದಾರೆ. ನಮ್ಮ ಕಾರಿನಲ್ಲಿ ಹ್ಯಾಂಡಲ್ ಕಚ್ಚಿಕೊಳ್ಳುವ ಹಲ್ಲು ಸವೆದಿತ್ತು. ಎಳೆದಷ್ಟೂ ಜಾರಿತು.

"ತಳ್ಳೋದೇ" ಎಂದ. ದೊಡ್ಡಪ್ಪನಿಗೆ ನಂಬಿಕೆ ಬರಲಿಲ್ಲ. ಬ್ಯಾಟರಿಯಲ್ಲಿ ಜೀವವೇ ಇಲ್ಲದ ಮೇಲೆ ತಳ್ಳಿ ಏನು ಪ್ರಯೋಜನ? ಆಗ ಡ್ರೈವರಣ್ಣ ಹೇಳಿದ ಮಾತು ನನಗೆ ಇಂದಿಗೂ ನೆನಪಿದೆ. "ಅಷ್ಟೊತ್ತು ಟಿವಿ ಓಡಿಸ್ತಲ್ಲ ಗೌಡ್ರೇ, ಟಿವಿಗೆ ಸಾಕಾದದ್ದು ಪ್ಲಗ್ಗಿನ ಕಿಡಿಗೂ ಸಾಕು. ಇಂಜಿನ್ ತಿರುಗಿಸೋದು ನಮ್ಮ ಕೆಲ್ಸ."

ಆಮೇಲೆ ಓದಿ ತಿಳಿದುಕೊಂಡೆ, ಅವನ ಲೆಕ್ಕ ಸರಿಯಾಗಿತ್ತು. ಅಂಥ ಟಿವಿ ಎಳೆಯುವುದು ಒಂದೂವರೆ ಆಂಪಿಯರ್ ಆಸುಪಾಸು. ಇಗ್ನಿಷನ್ ಕಾಯಿಲಿಗೆ ಬೇಕಾದದ್ದು ಮೂರೋ ನಾಲ್ಕೋ. ಸೆಲ್ಫ್ ಮೋಟಾರು ಮಾತ್ರ ನೂರಕ್ಕೂ ಮೇಲೆ ಕೇಳುತ್ತದೆ, ಅದೂ ಒಂದೇ ಏಟಿಗೆ. ಇಳಿದ ಬ್ಯಾಟರಿಗೆ ಆ ಭಾರ ಹೊರಲು ಆಗುವುದಿಲ್ಲ, ಹಗುರದ ಕೆಲಸ ಇನ್ನೂ ಆಗುತ್ತದೆ.

ಕಷ್ಟವಿದ್ದದ್ದು ಜಾಗದಲ್ಲಿ. ಮಲೆನಾಡಿನ ಮನೆಗಳಂತೆ ನಮ್ಮದೂ ತಗ್ಗಿನಲ್ಲಿ, ಟಾರು ರಸ್ತೆ ಮೇಲೆ. ಅಂಗಳದಿಂದ ರಸ್ತೆಗೆ ಕೆಮ್ಮಣ್ಣಿನ ಏರುದಾರಿ. ಒಂದು ಬದಿಗೆ ದರೆ, ಇನ್ನೊಂದು ಬದಿಗೆ ಕೆಳಗೆ ಅಡಕೆ ತೋಟ. ಕಾರಿನ ಮೂತಿ ರಸ್ತೆಯ ಕಡೆಗಿತ್ತು. ಮನೆ ತಲುಪಿದ್ದವರೆಲ್ಲ ಕೂಗು ಕೇಳಿ ವಾಪಸು ಬಂದಿದ್ದರು. ಆದರೆ ಎಷ್ಟು ಜನ ಇದ್ದರೇನು, ಒಂದು ಕಾರಿನ ಹಿಂದೆ ಏಳೆಂಟು ಜನರ ಕೈಗಷ್ಟೇ ಜಾಗ. ಚಕ್ರಕ್ಕೆ ಅಡೆಗಲ್ಲು ಕೊಡುತ್ತ, ಉಸಿರು ಬಿಡುತ್ತ, ಅರ್ಧ ಏರಿಗೆ ತಂದರು. ಅಲ್ಲಿಂದ ಮುಂದೆ ದಾರಿ ಕಡಿದು. ಕಾರು ಅಲುಗಲಿಲ್ಲ.

ಕೊನೆಗಾರನ ಹೆಂಡತಿ ಜಗಲಿಯಿಂದಲೇ ಕೇಳಿದಳು, "ಆಯ್ತಾ?" ಯಾರೂ ಉತ್ತರ ಕೊಡಲಿಲ್ಲ.

ಡ್ರೈವರಣ್ಣ ಕಾರಿನಿಂದಿಳಿದು ಹಿಂದಿನ ದಾರಿ ನೋಡಿದ. "ಸಾಕು. ಇಲ್ಲಿಂದ ಹಿಂದಕ್ಕೇ ಬಿಡ್ತೀನಿ, ರಿವರ್ಸಲ್ಲಿ ಎಬ್ಬಿಸ್ತೀನಿ" ಎಂದ. ಕಾರು ಹಿಂದಕ್ಕೆ ಉರುಳುವಾಗ ರಿವರ್ಸ್ ಗೇರಿನಲ್ಲಿದ್ದರೆ ಇಂಜಿನ್ ತಾನು ತಿರುಗಬೇಕಾದ ದಿಕ್ಕಿನಲ್ಲೇ ತಿರುಗುತ್ತದೆ. ಇದು ನಮ್ಮಲ್ಲಿ ಯಾರಿಗೂ ಹೊಳೆದಿರಲಿಲ್ಲ.

ಕತ್ತಲಲ್ಲಿ ಲೈಟಿಲ್ಲದೆ ಹಿಂದಕ್ಕೆ ಬರಬೇಕಿತ್ತು. ತೋಟದ ಅಂಚು ಕಾಣಲೆಂದು ನಾವು ಹುಡುಗರು ಒಣಗಿದ ತೆಂಗಿನ ಗರಿಯ ಸೂಡಿ ಹಚ್ಚಿ ದೂರ ದೂರ ನಿಂತೆವು. ಕಾರಿನ ಹತ್ತಿರಕ್ಕೆ ಬೆಂಕಿ ತರಬೇಡಿ ಎಂದು ಡ್ರೈವರಣ್ಣ ಗದರಿದ. ಚೋಕ್ ಎಳೆದ, ಗೇರು ಹಾಕಿ ಕ್ಲಚ್ ಒತ್ತಿ ಹಿಡಿದ, ಅಡೆಗಲ್ಲು ತೆಗೆಸಿದ. ಕಾರು ಉರುಳಿ ವೇಗ ಪಡೆಯಿತು. ಕ್ಲಚ್ ಬಿಟ್ಟ. ಹಿಂದಿನ ಚಕ್ರಗಳೆರಡೂ ಕಚ್ಚಿ ನಿಂತು, ಮಾರ್ಚ್ ತಿಂಗಳ ಒಣ ದರಗಿನ ಮೇಲೆ ಸರ್ರನೆ ಜಾರಿದವು. ಹಿಂಬದಿ ತೋಟದ ಕಡೆಗೆ ವಾಲಿತು. ನಾನು ನಿಂತ ಕಡೆಗೇ. ಬ್ರೇಕು ಹಿಡಿದು ನಿಂತಾಗ ಚಕ್ರಕ್ಕೂ ಅಂಚಿಗೂ ನಡುವೆ ಒಂದು ಗೇಣು.

"ದರಗು ಗುಡಿಸಿ" ಎಂದಷ್ಟೇ ಹೇಳಿದ. ದೊಡ್ಡಮ್ಮ ಹಿಡಿಸೂಡಿ ಹಿಡಿದು ಬಂದರು. ಕೆಲವರು ಕೈಯಲ್ಲೇ ಬಾಚಿದರು. ಕೆಂಪು ನೆಲ ಕಾಣಿಸಿತು. ಮತ್ತೆ ಮೇಲಕ್ಕೆ ತಳ್ಳಿದರು. ಈ ಸಲ ಅವನು ಕ್ಲಚ್ಚನ್ನು ಒಮ್ಮೆಗೇ ಬಿಡದೆ, ಬಿಟ್ಟು ಒತ್ತಿ, ಬಿಟ್ಟು ಒತ್ತಿ, ಇಂಜಿನ್ನನ್ನು ಎಬ್ಬಿಸುತ್ತ ಬಂದ. ಒಂದು ಕೆಮ್ಮು, ಇನ್ನೊಂದು ಕೆಮ್ಮು. ಅಂಗಳಕ್ಕೆ ಇನ್ನೇನು ಬಂದೇಬಿಟ್ಟಿತು ಎನ್ನುವಾಗ 1489 ಸಿಸಿಯ ಆ ಹಳೆಯ ಪೆಟ್ರೋಲ್ ಇಂಜಿನ್ ಭರ್ರೆಂದು ಹಿಡಿದುಕೊಂಡಿತು. ಪಂದ್ಯ ಗೆದ್ದಾಗ ಕೂಗಿದ್ದಕ್ಕಿಂತ ಜೋರಾಗಿ ಜನ ಕೂಗಿದರು.

ಅವನು ಎಕ್ಸಲೇಟರಿನಿಂದ ಕಾಲು ತೆಗೆಯಲೇ ಇಲ್ಲ. ಆ ಕಾರಿನಲ್ಲಿದ್ದದ್ದು ಡೈನಮೋ, ಇಂಜಿನ್ ನಿಧಾನಕ್ಕೆ ಓಡಿದರೆ ಚಾರ್ಜ್ ಕೊಡುವುದಿಲ್ಲ. ಡ್ಯಾಶ್‌ಬೋರ್ಡಿನ ಕೆಂಪು ದೀಪ ಆರಿದ ಮೇಲೆ ಹೆಡ್‌ಲೈಟ್ ಹಾಕಿದ. ಕೊನೆಗಾರನನ್ನು ಕುರ್ಚಿಯಲ್ಲಿ ಕೂರಿಸಿ ಎತ್ತಿ ತಂದು ಹಿಂದಿನ ಸೀಟಿನಲ್ಲಿ ಮಲಗಿಸಿದರು. ಅವನ ಕಾಲು ಅಲುಗದಂತೆ ಹಿಡಿದುಕೊಳ್ಳುವ ಕೆಲಸ ನನ್ನದಾಯಿತು. ದಾರಿಯುದ್ದಕ್ಕೂ ತಿರುವು ಬಂದು ವೇಗ ತಗ್ಗಿದಾಗೆಲ್ಲ ಲೈಟು ಹಳದಿಗೆ ತಿರುಗುತ್ತಿತ್ತು, ನೇರ ರಸ್ತೆಯಲ್ಲಿ ಮತ್ತೆ ಬೆಳ್ಳಗಾಗುತ್ತಿತ್ತು. ನನ್ನ ಅಂಗೈ ಕೆಳಗೆ ಅವನ ಕಾಲು ಬಿಗಿಯುತ್ತ ಬಿಸಿಯಾಗುತ್ತ ಹೋಗುವುದು ತಿಳಿಯುತ್ತಿತ್ತು.

ಆಸ್ಪತ್ರೆಯಲ್ಲಿ ಗಾಜಿನ ಕೊಳವೆಗೆ ಅವನ ರಕ್ತ ತೆಗೆದು ಇಪ್ಪತ್ತು ನಿಮಿಷ ಅಲುಗಿಸದೆ ಇಟ್ಟರು. ಓರೆಮಾಡಿದಾಗ ಹೆಪ್ಪುಗಟ್ಟದೆ ನೀರಿನಂತೆ ಹರಿಯಿತು. ಮಂಡಲದ ವಿಷ ಮಾಡುವುದೇ ಅದು. ವಿಷನಿರೋಧಕವನ್ನು ಡ್ರಿಪ್ಪಿನಲ್ಲಿ ಏರಿಸಿದರು. ಅಷ್ಟು ಹೊತ್ತೂ ಡ್ರೈವರಣ್ಣ ಹೊರಗೆ ಇಂಜಿನ್ ಬಂದ್ ಮಾಡದೆ ಕಾಲೊತ್ತಿ ಕುಳಿತಿದ್ದ. ಶಿವಮೊಗ್ಗಕ್ಕೆ ಒಯ್ಯಿರಿ ಎಂದುಬಿಟ್ಟರೆ ಎಂಬ ಯೋಚನೆ ಅವನಿಗೆ.

ಈಗಿನ ಕಾರುಗಳನ್ನು ಹೀಗೆ ತಳ್ಳಿ ಎಬ್ಬಿಸುವುದು ಅಷ್ಟು ಸುಲಭವಿಲ್ಲ. ಪೆಟ್ರೋಲ್ ಪಂಪಿಗೂ ಇಂಜೆಕ್ಷನ್ನಿನ ಕಂಪ್ಯೂಟರಿಗೂ ಬ್ಯಾಟರಿಯೇ ಆಧಾರ. ಪೂರ್ತಿ ಸತ್ತರೆ ಎಷ್ಟು ತಳ್ಳಿದರೂ ಏಳುವುದಿಲ್ಲ. ಆಟೋಮ್ಯಾಟಿಕ್ ಗೇರಿನ ಕಾರನ್ನಂತೂ ತಳ್ಳಿ ಎಬ್ಬಿಸುವ ಮಾತೇ ಇಲ್ಲ. ಅದಕ್ಕೇ ನನ್ನ ಡಿಕ್ಕಿಯಲ್ಲಿ ಯಾವಾಗಲೂ ಜಂಪ್ ಕೇಬಲ್ ಇರುತ್ತದೆ, ಬಳಸುವ ಕ್ರಮವನ್ನು ಮನೆಯವರಿಗೆಲ್ಲ ಕಲಿಸಿದ್ದೇನೆ. ಕೆಂಪು ವೈರು ಮೊದಲು ಇಳಿದ ಬ್ಯಾಟರಿಯ ಪ್ಲಸ್ಸಿಗೆ, ಇನ್ನೊಂದು ತುದಿ ಒಳ್ಳೆಯ ಬ್ಯಾಟರಿಯ ಪ್ಲಸ್ಸಿಗೆ. ಕಪ್ಪು ವೈರು ಒಳ್ಳೆಯ ಬ್ಯಾಟರಿಯ ಮೈನಸ್ಸಿಗೆ, ಅದರ ಕೊನೆಯ ತುದಿ ನಿಂತ ಕಾರಿನ ಇಂಜಿನ್ನಿನ ಬಣ್ಣವಿಲ್ಲದ ಕಬ್ಬಿಣಕ್ಕೆ, ಬ್ಯಾಟರಿಯಿಂದ ದೂರಕ್ಕೆ. ಕೊನೆಯ ಜೋಡಣೆಯಲ್ಲಿ ಕಿಡಿ ಹಾರುತ್ತದೆ. ಬ್ಯಾಟರಿಯ ಬಾಯಲ್ಲಿ ಹೈಡ್ರೋಜನ್ ಅನಿಲವಿದ್ದರೆ ಸಿಡಿದು ಕಣ್ಣಿಗೆ ಆಸಿಡ್ ಎರಚುತ್ತದೆ. ಬಿಚ್ಚುವಾಗ ಇದೇ ಕ್ರಮ ತಿರುಗುಮುರುಗು.

ಸೋಮವಾರ ದೊಡ್ಡಪ್ಪನ ಬ್ಯಾಟರಿಯನ್ನು ತೀರ್ಥಹಳ್ಳಿಯ ಅಂಗಡಿಯಲ್ಲಿ ಚಾರ್ಜಿಗೆ ಹಾಕಿದರು. ಆಸಿಡ್ ಅಳೆಯುವ ಗಾಜಿನ ನಳಿಗೆಯ ತೇಲು ಐದು ಸೆಲ್ಲುಗಳಲ್ಲಿ 1.260ರ ಹತ್ತಿರ ನಿಂತಿತು, ಆರನೆಯದರಲ್ಲಿ ತಳ ಕಂಡಿತು. ಬುಧವಾರ ಈಡನ್ ಗಾರ್ಡನ್ಸ್‌ನಲ್ಲಿ ಶ್ರೀಲಂಕಾದ ಜೊತೆ ಸೆಮಿಫೈನಲ್. ಕೊನೆಗಾರ ಇನ್ನೂ ಆಸ್ಪತ್ರೆಯಲ್ಲಿದ್ದ, ರೇಡಿಯೊ ತಂದುಕೊಡಿ ಎಂದು ಹೇಳಿ ಕಳಿಸಿದ. ಡ್ರೈವರಣ್ಣ ಹೊಸ ಸೆಲ್ಲು ಹಾಕಿ ಒಯ್ದುಕೊಟ್ಟ. ಭಾರತ 8 ವಿಕೆಟ್ಟಿಗೆ 120 ಆಗಿದ್ದಾಗ ಜನ ಬಾಟಲಿ ಎಸೆದು ಆಟ ನಿಂತೇಹೋಯಿತು, ಗೆಲುವು ಶ್ರೀಲಂಕಾಕ್ಕೆ ಹೋಯಿತು. ಮುಂದಿನ ಕೊಯ್ಲಿಗೆ ಕೊನೆಗಾರನೇ ಬಂದು ಮರ ಹತ್ತಿದ. ಅಷ್ಟರಲ್ಲಿ ದೊಡ್ಡಪ್ಪ ಕಾರಿಗೆ ಹೊಸ ಬ್ಯಾಟರಿ ಹಾಕಿಸಿ, ಟಿವಿಗೆಂದು ಬೇರೆಯೇ ಒಂದನ್ನು ತಂದಿಟ್ಟಿದ್ದರು.