ಮೋಲ್ಡ್ ಹಾಕೋದಕ್ಕೆ ಮುಂಚೆ

ಶಿಡ್ಲಘಟ್ಟದಲ್ಲಿ ಮನೆ ಕಟ್ಟಿಸುವವರು ಮೊದಲು ಕೇಳುವುದು ವಾಸ್ತು, ಆಮೇಲೆ ನೀರು, ಆಮೇಲೆ ಸಿಮೆಂಟಿನ ರೇಟು. ವೈರಿಂಗ್ ಬಗ್ಗೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಅದು ಎಲೆಕ್ಟ್ರಿಷಿಯನ್ ಪಾಡು. ಆದರೆ ಯೋಚನೆ ಮಾಡಿ, ಟೈಲ್ಸ್ ಕೀಳಬಹುದು, ಬಾಗಿಲು ಬದಲಿಸಬಹುದು, ಬಣ್ಣವನ್ನಂತೂ ವರ್ಷಕ್ಕೊಮ್ಮೆ ಬೇಕಾದರೂ ಹೊಡೆಸಬಹುದು. ಮೋಲ್ಡಿನ ಕಂಬಿ ನಡುವೆ ಮಲಗಿಸಿದ ಪೈಪು ಮಾತ್ರ ಕಾಂಕ್ರೀಟ್ ಸುರಿದ ಮೇಲೆ ಅಲ್ಲೇ. ಅದಕ್ಕೆ ಮುಂದೆ ಯಾವ ದೀಪಕ್ಕೆ ಯಾವ ಸ್ವಿಚ್ಚು ಅನ್ನೋದನ್ನ ಗೋಡೆ ಏಳೋ ಮೊದಲೇ ತೀರ್ಮಾನ ಮಾಡಿರಬೇಕು.

ನಮ್ಮ ಮನೆಯ ಮೋಲ್ಡಿಗೆ ಹನ್ನೊಂದು ದಿನ ಇರುವಾಗ ನನ್ನ ಕೈಯಲ್ಲಿ ಎರಡು ಕೊಟೇಶನ್ ಇದ್ದವು. 30×40 ಸೈಟು, ಮೇಲೊಂದು ಕೆಳಗೊಂದು ಮಹಡಿ. ವಾರದಲ್ಲಿ ಐದು ದಿನ ಅಲ್ಲಿ ಇರೋದು ಅಮ್ಮ ಒಬ್ಬರೇ. ನಾನು ಬೆಂಗಳೂರು, ತಮ್ಮ ಅಮೆರಿಕ. 'ಸ್ಮಾರ್ಟ್ ಲೈಟಿಂಗ್ ಹಾಕ್ಸಲೇಬೇಕು' ಅಂತ ಹಟ ಹಿಡಿದವನು ಅವನೇ. ದುಡ್ಡೂ ಅವನೇ ಕೊಡ್ತೀನಿ ಅಂದ. ಮೊದಲ ಕೊಟೇಶನ್ ನಾಲ್ಕೂವರೆ ಲಕ್ಷದ್ದು, ಎಲ್ಲ ವೈರೂ ಒಂದು ಪೆಟ್ಟಿಗೆಗೆ ಬರುವ ಕೇಂದ್ರೀಕೃತ ವ್ಯವಸ್ಥೆ. ಎರಡನೆಯದು ಒಂದೂಕಾಲು ಲಕ್ಷದ್ದು, ವೈರ್‌ಲೆಸ್.

ಕೇಂದ್ರೀಕೃತ ಅಂದರೇನು ಅಂತ ನನಗೆ ಅರ್ಥವಾಗಿದ್ದು ನಂದಿ ಬೆಟ್ಟದ ಕಡೆ ಎದ್ದಿರುವ ವಿಲ್ಲಾಗಳಲ್ಲೊಂದನ್ನು ನೋಡಿ ಬಂದ ಮೇಲೆ. ಮಾಮೂಲಿ ಮನೆಯಲ್ಲಿ ಕರೆಂಟು ಸ್ವಿಚ್ ಬೋರ್ಡಿಗೆ ಬರುತ್ತೆ, ಅಲ್ಲಿಂದ ದೀಪಕ್ಕೆ ಹೋಗುತ್ತೆ. ಇಲ್ಲಿ ಹಾಗಲ್ಲ. ಪ್ರತಿಯೊಂದು ದೀಪದ ವೈರೂ ನೇರವಾಗಿ ಮೆಟ್ಟಿಲ ಕೆಳಗಿನ ಒಂದು ದೊಡ್ಡ ಪೆಟ್ಟಿಗೆಗೆ ಹೋಗುತ್ತೆ. ದೀಪ ಹಚ್ಚುವ ರಿಲೇಗಳೆಲ್ಲ ಆ ಪೆಟ್ಟಿಗೆಯಲ್ಲಿ. ಗೋಡೆಯ ಮೇಲಿರುವ ಬಟನ್ನಿಗೆ 230 ವೋಲ್ಟ್ ಬರುವುದೇ ಇಲ್ಲ, ಸುಮಾರು 30 ವೋಲ್ಟಿನ ಒಂದು ತೆಳು ಕೇಬಲ್ ಬರುತ್ತೆ ಅಷ್ಟೆ. ಬಟನ್ ಒತ್ತಿದರೆ ಅದು ಪೆಟ್ಟಿಗೆಗೆ ಸುದ್ದಿ ಕಳಿಸುತ್ತೆ, ಪೆಟ್ಟಿಗೆ ದೀಪ ಹಚ್ಚುತ್ತೆ. ಯುರೋಪಿನಲ್ಲಿ ತೊಂಬತ್ತರ ದಶಕದಿಂದ ನಡೆದು ಬಂದಿರುವ ಪದ್ಧತಿ. ಇದರಲ್ಲಿ ಚೆನ್ನಾಗಿರೋದನ್ನ ಚೆನ್ನಾಗಿದೆ ಅಂತಲೇ ಹೇಳಬೇಕು: ಇಂಟರ್‌ನೆಟ್ ಬೇಡ, ಸಿಗ್ನಲ್ಲಿನ ತಾಪತ್ರಯ ಇಲ್ಲ, ಮಲಗುವಾಗ ಒಂದೇ ಬಟನ್ನಿಗೆ ಇಡೀ ಮನೆ ಕತ್ತಲು. ಆ ವಿಲ್ಲಾದ ಹುಡುಗ ಬಟನ್ ಒತ್ತಿದಾಗ ಕೆಳಗಿನಿಂದ 'ಟಕ್ ಟಕ್' ಅಂತ ಸದ್ದು ಬಂತು, ಮೂರು ರೂಮಿನ ದೀಪ ಒಟ್ಟಿಗೆ ಆರಿದವು. ನನಗೂ ಆಸೆಯಾಯಿತು, ಸುಳ್ಳು ಯಾಕೆ.

ಆಸೆ ಇಳಿಸಿದವನು ನಮ್ಮ ಎಲೆಕ್ಟ್ರಿಷಿಯನ್. ಚಿಂತಾಮಣಿಯವನು, ಅರ್ಧ ಕನ್ನಡ ಅರ್ಧ ತೆಲುಗು ಮಾತಾಡುತ್ತಾನೆ. ಕೊಟೇಶನ್ ಹಿಂದುಗಡೆ ಲೆಕ್ಕ ಹಾಕಿ ತೋರಿಸಿದ. 28 ಸರ್ಕ್ಯೂಟು. ಒಂದೊಂದೂ ಪೆಟ್ಟಿಗೆ ತಲುಪೋಕೆ ಸರಾಸರಿ 18 ಮೀಟರ್. ಫೇಸು, ನ್ಯೂಟ್ರಲ್, ಅರ್ತು ಮೂರಕ್ಕೂ ಸೇರಿ 1,512 ಮೀಟರ್. 90 ಮೀಟರಿನ ಕಾಯಿಲ್ ಲೆಕ್ಕದಲ್ಲಿ ಹದಿನೇಳು ಕಾಯಿಲ್, ಬರೀ ಲೈಟಿಗೆ. ಮಾಮೂಲಿ ವೈರಿಂಗಿಗೆ ಅದರ ಅರ್ಧ ಸಾಕು. "ವೈರು ಹೋಗ್ಲಿ ಬಿಡಕ್ಕ, ತಾಮ್ರ ಎಲ್ಲೂ ಓಡೋಗಲ್ಲ. ಆ ಡಬ್ಬಿ ಕೆಟ್ರೆ ಯಾರ್ನ ಕರೀತೀಯ?" ಅಂದ. ನಿಜ. ಅಂಥ ಪೆಟ್ಟಿಗೆಯಲ್ಲಿ ಯಾವ ಬಟನ್ನಿಗೆ ಯಾವ ದೀಪ ಅನ್ನುವುದನ್ನು ಲ್ಯಾಪ್‌ಟಾಪಿನಲ್ಲಿ ಪ್ರೋಗ್ರಾಂ ಮಾಡಬೇಕು. ಅದು ಗೊತ್ತಿರುವವನು ಬೆಂಗಳೂರಿಂದ ಅರುವತ್ತು ಕಿಲೋಮೀಟರ್ ಬರಬೇಕು. ಅವನು ಬರುವ ತನಕ ಅಮ್ಮ ಮೇಣದ ಬತ್ತಿ ಹಚ್ಚಿಕೊಂಡು ಕೂರಬೇಕು, ಏಕೆಂದರೆ ಪೆಟ್ಟಿಗೆ ಸುಮ್ಮನಾದರೆ ಒಂದು ದೀಪವಲ್ಲ, ಎಲ್ಲ ದೀಪವೂ ಸುಮ್ಮನೆ.

ಹಾಗಾದರೆ ವೈರ್‌ಲೆಸ್. ಅದಕ್ಕೆ ಗೌರಿಬಿದನೂರಿನ ಭಾವನ ಮನೆ ಇದೆ, ದೂರ ಹೋಗಬೇಕಿಲ್ಲ. ಭಾವ ಎರಡು ವರ್ಷದ ಹಿಂದೆ ಮನೆ ತುಂಬ ವೈ-ಫೈ ಬಲ್ಬು ಹಾಕಿಸಿದರು. ಬಣ್ಣ ಬದಲಾಗುತ್ತೆ, ಫೋನಲ್ಲಿ ಆರುತ್ತೆ, ಮಕ್ಕಳಿಗೆ ಖುಷಿ. ಆದರೆ ಅವರ ಮನೆಯ ಸ್ವಿಚ್ಚುಗಳ ಮೇಲೆಲ್ಲ ಟೇಪು ಅಂಟಿಸಿ 'ಆಫ್ ಮಾಡಬೇಡಿ' ಅಂತ ಬರೆದಿದೆ! ಸ್ವಿಚ್ ಆರಿಸಿಬಿಟ್ಟರೆ ಬಲ್ಬಿಗೆ ಕರೆಂಟೇ ಹೋಗಲ್ಲ, ಫೋನ್ ಎಷ್ಟು ಒತ್ತಿದರೂ ಅದು ಕಿವುಡು. ಮನೆಗೆ ಬಂದ ನೆಂಟರಿಗೆ ಮೊದಲು ಕಾಫಿ ಕೊಡಬೇಕೋ ಟೇಪಿನ ವಿಷಯ ಹೇಳಬೇಕೋ ಅನ್ನೋದು ಅಕ್ಕನ ಗೋಳು. ಇನ್ನೊಂದು ತಮಾಷೆ ರಾತ್ರಿ ನಡೆಯುತ್ತೆ. ಕರೆಂಟು ಹೋಗಿ ಮತ್ತೆ ಬಂದಾಗ ಅಂಥ ಎಷ್ಟೋ ಬಲ್ಬುಗಳು ತಾವು ಆರಿದ್ದೆವು ಅನ್ನೋದನ್ನೇ ಮರೆತು ಪೂರ್ತಿ ಹತ್ತಿಕೊಳ್ಳುತ್ತವೆ. ಆಪಿನೊಳಗೆ ಹುಡುಕಿ ಅದನ್ನು ಬದಲಿಸಬಹುದು, ಕೆಲವು ಬಲ್ಬಿನಲ್ಲಿ. ಭಾವ ಬದಲಿಸಿಲ್ಲ. ರಾತ್ರಿ ಎರಡೂವರೆಗೆ ಕರೆಂಟು ಬಂದರೆ ಮನೆಯವರೆಲ್ಲ ಎದ್ದು ಕೂತು ಮುಖ ಮುಖ ನೋಡಿಕೊಳ್ಳುತ್ತಾರೆ.

ನಮ್ಮ ಜಿಲ್ಲೆಯವರಿಗೆ ಇದು ಹೊಸದೇನಲ್ಲ ಅನ್ನಿ. ಬೋರ್‌ವೆಲ್ಲಿನ ಮೋಟಾರಿಗೆ ಆಟೋ ಸ್ಟಾರ್ಟರ್ ಹಾಕಿಸಿ ನಿದ್ದೆ ಮಾಡಿದವರು ನಾವು. ರಾತ್ರಿ ಯಾವಾಗಲೋ ತ್ರೀ ಫೇಸ್ ಬಂದರೆ ಮೋಟಾರು ತಾನೇ ಓಡುತ್ತೆ. ಊರಿನ ಮೋಟಾರುಗಳೆಲ್ಲ ಅದೇ ಗಳಿಗೆಯಲ್ಲಿ ಓಡಲು ಹೋಗಿ ಟಿ.ಸಿ. ಸುಟ್ಟರೆ ಮತ್ತೆ ವಾರಗಟ್ಟಲೆ ಕಾಯೋದು. ಆಮೇಲೆ ಸಿಮ್ ಹಾಕುವ ಮೊಬೈಲ್ ಸ್ಟಾರ್ಟರ್ ಬಂತು, ತೋಟಕ್ಕೆ ಹೋಗದೆ ಫೋನಲ್ಲೇ ಮೋಟಾರು ಹಾಕುವುದು. ಬೆಂಗಳೂರಿನ ಅಪಾರ್ಟ್‌ಮೆಂಟಿನವರು ಫೋನಲ್ಲಿ ದೀಪ ಹಚ್ಚಿ ಹೆಮ್ಮೆಪಡುವ ಮುಂಚೆಯೇ ನಮ್ಮ ರೈತರು ಸಾವಿರ ಅಡಿ ಆಳದ ನೀರನ್ನು ಮಿಸ್ಡ್ ಕಾಲಲ್ಲಿ ಎತ್ತಿಸಿದ್ದಾರೆ. ಅದನ್ನು ಯಾರೂ ಸ್ಮಾರ್ಟ್ ಅಂತ ಕರೆಯಲಿಲ್ಲ.

ವೈರ್‌ಲೆಸ್‌ನಲ್ಲೂ ಜಾಣತನದ ದಾರಿ ಇದೆ. ಬಲ್ಬು ಮಾಮೂಲಿಯದೇ ಇರಲಿ, ಸ್ವಿಚ್ಚಿನ ಹಿಂದೆ ಬೆಂಕಿಪೊಟ್ಟಣದಷ್ಟು ಸಣ್ಣ ಮಾಡ್ಯೂಲ್ ಕೂರಿಸುವುದು. ಆಗ ಸ್ವಿಚ್ಚೂ ಕೆಲಸ ಮಾಡುತ್ತೆ, ಫೋನೂ ಕೆಲಸ ಮಾಡುತ್ತೆ. ಜಿಗ್‌ಬೀ ಅನ್ನುವ ಜಾತಿಯ ಮಾಡ್ಯೂಲುಗಳು ಒಂದರ ಸುದ್ದಿಯನ್ನು ಇನ್ನೊಂದು ದಾಟಿಸುತ್ತವೆ, ಹಾಗಾಗಿ ಸಾಲಿಡ್ ಬ್ಲಾಕಿನ ಗೋಡೆ, ಮೋಲ್ಡು ದಾಟಿ ಮೇಲಿನ ಮಹಡಿಗೂ ಸುದ್ದಿ ಮುಟ್ಟುತ್ತೆ. ಆದರೆ ಮಾಡ್ಯೂಲಿಗೆ ಸದಾ ಕರೆಂಟು ಬೇಕು. ಒಂದಕ್ಕೆ ಅರ್ಧ ವಾಟು ಅಂತ ಹಿಡಿಯಿರಿ. ಮೂವತ್ತು ಮಾಡ್ಯೂಲಿಗೆ ಹದಿನೈದು ವಾಟು, ಹಗಲು ರಾತ್ರಿ. ತಿಂಗಳಿಗೆ 10.8 ಯೂನಿಟ್. ಒಂದು ದೀಪವನ್ನೂ ಹಚ್ಚದೆ! ಗೃಹಜ್ಯೋತಿ ಬಂದಾಗ ಹೊಸ ಮನೆಗೆ ಸರಾಸರಿ 53 ಯೂನಿಟ್, ಅದರ ಮೇಲೆ ಶೇಕಡಾ ಹತ್ತು ಅಂತ ಲೆಕ್ಕ ಇಟ್ಟಿದ್ದರು. ಅದರಲ್ಲಿ ಹೆಚ್ಚುಕಡಿಮೆ ಐದರಲ್ಲೊಂದು ಭಾಗ ಈ ಬೆಂಕಿಪೊಟ್ಟಣಗಳೇ ತಿಂದುಹಾಕುತ್ತವೆ.

ಇಷ್ಟೆಲ್ಲ ಲೆಕ್ಕವನ್ನು ಅಮ್ಮನ ಮುಂದೆ ಹರಡಿ ಕೂತಾಗ ಅವರು ಕೇಳಿದ್ದು ಒಂದೇ: "ಬಚ್ಚಲಿಗೆ ಹೋಗೋ ದಾರೀಲಿ ಬೆಳಕು ಇರ್ತದಾ?"

ಬೆಳಕಿನ ವಿಷಯದಲ್ಲಿ ಅಮ್ಮನಿಗೆ ಹೇಳಿಕೊಡುವವರು ಯಾರೂ ಇಲ್ಲ. ಮೂವತ್ತು ವರ್ಷ ರೇಷ್ಮೆ ಹುಳು ಸಾಕಿದವರು. ನಾವು ಮಲಗುತ್ತಿದ್ದ ಪಡಸಾಲೆಯಲ್ಲೇ ತಟ್ಟೆಗಳ ಸಾಲು, ನಡುವೆ ಒಂದೇ ನಲವತ್ತು ವಾಟಿನ ಬಲ್ಬು. ಮೊಟ್ಟೆ ನೀಲಿ ತಿರುಗುವ ಹೊತ್ತಿಗೆ ಕರಿ ಕಾಗದ ಮುಚ್ಚಿ ಕತ್ತಲಲ್ಲಿಡಬೇಕು, ಮರಿ ಏಳುವ ದಿನ ಬೆಳಿಗ್ಗೆ ಕಾಗದ ತೆಗೆದು ಬೆಳಕು ತೋರಿಸಬೇಕು. ಹಾಗೆ ಮಾಡಿದರೆ ಎಲ್ಲ ಮರಿಯೂ ಒಟ್ಟಿಗೆ ಏಳುತ್ತವೆ. ಇಲ್ಲದಿದ್ದರೆ ಇವತ್ತೊಂದಷ್ಟು ನಾಳೆ ಒಂದಷ್ಟು ಎದ್ದು, ಬೆಳೆ ಪೂರ್ತಿ ಹಿಂದು ಮುಂದು. ಈಗ ಆ ಕೆಲಸ ಚಾಕಿ ಸೆಂಟರಿನವರದು, ರೈತರು ಎರಡನೇ ಜ್ವರ ಎದ್ದ ಹುಳುವನ್ನೇ ತರುತ್ತಾರೆ. ಹುಳು ಹಣ್ಣಾಗಿ ಚಂದ್ರಿಕೆಗೆ ಬಿಟ್ಟ ಮೇಲಂತೂ ಅಮ್ಮ ಬಲ್ಬಿಗೆ ಪೇಪರ್ ಸುತ್ತಿ ಬೆಳಕು ತಗ್ಗಿಸೋರು. "ಬೆಳಕು ಒಂದ್ ಕಡೆ ಜಾಸ್ತಿ ಬಿದ್ರೆ ಎಲ್ಲಾ ಇನ್ನೊಂದ್ ಕಡೆಗೆ ನೂಕ್ಕೊಂಡ್ ಹೋಯ್ತವೆ, ಜೋಡಿ ಗೂಡು ಕಟ್ತವೆ" ಅನ್ನೋರು. ಜೋಡಿ ಗೂಡಿಗೆ ಮಾರ್ಕೆಟ್ಟಲ್ಲಿ ಬೆಲೆ ಇಲ್ಲ. ಹೀಗೆ ಬೆಳಕನ್ನು ದುಡ್ಡಿನ ಹಾಗೆ ಎಣಿಸಿ ಬಳಸಿದವರಿಗೆ ಒಂದು ಕೋಟಿ ಅರುವತ್ತು ಲಕ್ಷ ಬಣ್ಣದ ಬಲ್ಬು ತೋರಿಸಿ ಏನು ಮಾಡೋದು?

ತಮ್ಮನ ವಾದ ಬೇರೆ ಇತ್ತು. ಅವನಿಗೆ ಬಣ್ಣ ಬೇಕಿರಲಿಲ್ಲ. ಆಪ್ ತೆಗೆದರೆ ಯಾವ ದೀಪ ಎಷ್ಟು ಹೊತ್ತಿಗೆ ಹತ್ತಿತು ಅನ್ನುವುದು ಕಾಣಬೇಕಿತ್ತು. ಅಮ್ಮ ಏಳೋದು ನಾಲ್ಕೂವರೆಗೆ. ಚಳಿಗಾಲದಲ್ಲಿ ಅವನಿಗೆ ಅದು ಹಿಂದಿನ ದಿನದ ಸಂಜೆ ಐದು ಗಂಟೆ, ಆಫೀಸು ಮುಗಿಯುವ ಹೊತ್ತು. "ಅಡುಗೆಮನೆ ಲೈಟ್ ಆನ್ ಅಂತ ಬಂದ್ರೆ ಸಾಕು ಅಕ್ಕ, ಎದ್ದವ್ರೆ ಅಂತ ಗೊತ್ತಾಗುತ್ತೆ. ಬರ್ಲಿಲ್ಲ ಅಂದ್ರೆ ಪಕ್ಕದ ಮನೆಗೆ ಫೋನ್ ಮಾಡ್ಬೋದು." ಹೋದ ವರ್ಷ ಅಮ್ಮ ಬಚ್ಚಲ ಹತ್ತಿರ ಕತ್ತಲಲ್ಲಿ ಬಿದ್ದು, ಬೆಳಗಾಗುವವರೆಗೂ ಯಾರಿಗೂ ಗೊತ್ತಾಗದೆ ಅಲ್ಲೇ ಕೂತಿದ್ದರು. ಮೂಳೆಗೆ ಏನೂ ಆಗಿರಲಿಲ್ಲ. ಆದರೆ ತಮ್ಮ ಆ ಸುದ್ದಿ ಕೇಳಿದ್ದು ಎರಡು ದಿನದ ನಂತರ. ಈ ಸ್ಮಾರ್ಟ್ ಹಟದ ಬೇರು ಅಲ್ಲಿತ್ತು. ಹಾಗಾಗಿ ಅವನನ್ನು ಗ್ಯಾಜೆಟ್ ಹುಚ್ಚ ಅಂತ ತಳ್ಳಿಹಾಕೋದು ನನ್ನಿಂದ ಆಗಲಿಲ್ಲ.

ಅಮ್ಮನಿಗೆ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. "ನಾನು ಎಷ್ಟೊತ್ತಿಗೆ ಎದ್ದೆ, ಎಷ್ಟು ಸಲ ಬಚ್ಚಲಿಗೆ ಹೋದೆ, ಇದನ್ನೆಲ್ಲ ಅಲ್ಲಿ ಕೂತ್ಕೊಂಡು ನೋಡ್ತಾನಾ? ಬೇಡ. ಎದ್ದಿದೀನಾ ಅಂತ ಗೊತ್ತಾಗ್ಬೇಕಂದ್ರೆ ಫೋನ್ ಮಾಡ್ಲಿ. ಎತ್ತಲ್ಲ ಅಂದಿದೀನಾ?"

ನಾನು ಇಬ್ಬರ ನಡುವೆ ಸಿಕ್ಕಿಕೊಂಡೆ. ಇಬ್ಬರೂ ಸರಿ. ಅದೂ ಅಲ್ಲದೆ ಆಪನ್ನು ನಂಬಿ ಕೂರುವುದರಲ್ಲಿ ಇನ್ನೊಂದು ಅಪಾಯವಿದೆ. ಅಮೆರಿಕದ ಇನ್‌ಸ್ಟಿಯಾನ್ ಅನ್ನುವ ಸ್ಮಾರ್ಟ್ ಲೈಟಿಂಗ್ ಕಂಪನಿ 2022ರ ಏಪ್ರಿಲಿನಲ್ಲಿ ಹೇಳದೆ ಕೇಳದೆ ತನ್ನ ಸರ್ವರ್ ನಿಲ್ಲಿಸಿಬಿಟ್ಟಿತು. ಜನ ಫೋನ್ ತೆಗೆದು ನೋಡಿದರೆ ಆಪು ಸತ್ತಿತ್ತು. ಬಳಕೆದಾರರ ಒಂದು ಗುಂಪೇ ಕಂಪನಿ ಕೊಂಡುಕೊಂಡು ಮತ್ತೆ ಶುರು ಮಾಡಬೇಕಾಯಿತು. ಆಪಿನಲ್ಲಿ 'ಅಡುಗೆಮನೆ ಲೈಟ್' ಕಾಣಲಿಲ್ಲ ಅಂದರೆ ಅಮ್ಮ ಎದ್ದಿಲ್ಲವೋ, ಕರೆಂಟಿಲ್ಲವೋ, ವೈ-ಫೈ ಹೋಗಿದೆಯೋ, ಕಂಪನಿ ಮುಚ್ಚಿದೆಯೋ? ತಮ್ಮನಿಗೆ ಇದನ್ನೇ ಕೇಳಿದೆ. ಅವನ ಹತ್ತಿರ ಉತ್ತರ ಇರಲಿಲ್ಲ, ಆದರೆ ಗಾಬರಿ ಇತ್ತು. ಗಾಬರಿಗೆ ಉತ್ತರ ಸಾಲದು.

ಕೊನೆಗೆ ಆದದ್ದು ಹೀಗೆ. ಎರಡೂ ಕೊಟೇಶನ್ ವಾಪಸ್. ವೈರಿಂಗ್ ಮಾಮೂಲಿಯದೇ, ಆದರೆ ಎಲ್ಲ ಸ್ವಿಚ್ ಬಾಕ್ಸಿಗೂ ನ್ಯೂಟ್ರಲ್ ಎಳೆದು, ಬಾಕ್ಸುಗಳನ್ನು ಒಂದು ಅಳತೆ ಆಳವಾಗಿಯೇ ಹಾಕಿಸಿದೆ. ಮುಂದೆ ಯಾವ ಮಾಡ್ಯೂಲ್ ಬಂದರೂ ಕೂರಲು ಜಾಗ ಇರಲಿ ಅಂತ. ಮೆಟ್ಟಿಲ ಕೆಳಗಿನಿಂದ ಹಾಲಿಗೆ, ಅಮ್ಮನ ರೂಮಿಗೆ, ಮಹಡಿಗೆ, ಗೇಟಿಗೆ ನಾಲ್ಕು ಖಾಲಿ ಪೈಪು, ಒಳಗೆ ಎಳೆಯೋಕೆ ತಂತಿ ಬಿಟ್ಟು. ಕೂಲಿ ಸೇರಿ ಆರು ಸಾವಿರ. ನಾಳೆ ನಮ್ಮ ಮಕ್ಕಳಿಗೆ ಆ ದೊಡ್ಡ ಪೆಟ್ಟಿಗೆಯೇ ಬೇಕು ಅನ್ನಿಸಿದರೆ ಗೋಡೆ ಒಡೆಯುವ ಕೆಲಸ ಅಷ್ಟರ ಮಟ್ಟಿಗೆ ಕಡಿಮೆ. ಮೆಟ್ಟಿಲಿಗೆ ಟೂ-ವೇ ಸ್ವಿಚ್, ಅಮ್ಮನ ತಲೆದಿಂಬಿನ ಪಕ್ಕ ಇನ್ನೊಂದು. ಅಲ್ಲಿಂದ ಬಚ್ಚಲವರೆಗೆ ಮೊಣಕಾಲೆತ್ತರದಲ್ಲಿ ಮೂರು ಪುಟ್ಟ ದೀಪ, ಯುಪಿಎಸ್ ಲೈನಿನಲ್ಲಿ. ಕತ್ತಲಲ್ಲಿ ಆಳು ನಡೆದರೆ ಹತ್ತಿ, ಎರಡು ನಿಮಿಷಕ್ಕೆ ಆರುವ ಸೆನ್ಸರ್ ಅವಕ್ಕೆ. ಇಂಟರ್‌ನೆಟ್ ಇಲ್ಲ, ಆಪ್ ಇಲ್ಲ, ಅವು ಯಾರಿಗೂ ಚಾಡಿ ಹೇಳುವುದಿಲ್ಲ. ವೈರ್‌ಲೆಸ್ ಮಾಡ್ಯೂಲ್ ಎರಡೇ ಕಡೆ: ಗೇಟಿನ ದೀಪ, ಮಹಡಿಯ ದೀಪ. ಕತ್ತಲಾದಾಗ ಹತ್ತಿ ಬೆಳಗಾದಾಗ ಆರಲಿ ಅಂತ.

ತಮ್ಮನಿಗಾಗಿ ಒಂದು ಒಪ್ಪಂದವೂ ಆಯಿತು, ಅಮ್ಮನೇ ಹೇಳಿದ್ದು. ಗೇಟಿನ ದೀಪವನ್ನು ಬೆಳಿಗ್ಗೆ ತಾನಾಗಿ ಆರೋದಕ್ಕೆ ಬಿಡದೆ ಅಮ್ಮನೇ ಎದ್ದು ಬಂದು ಸ್ವಿಚ್ಚಲ್ಲಿ ಆರಿಸುತ್ತಾರೆ. ಅದು ಅವನ ಫೋನಲ್ಲಿ ಕಾಣುತ್ತೆ. ಮನೆಯೊಳಗಿನದು ಯಾವುದೂ ಕಾಣಲ್ಲ. ಆರು ಗಂಟೆಯಾದರೂ ಗೇಟಿನ ದೀಪ ಆರಿಲ್ಲ ಅಂದರೆ ಮೊದಲು ಅಮ್ಮನಿಗೆ ಫೋನು, ಎತ್ತದಿದ್ದರೆ ಪಕ್ಕದ ಮನೆಗೆ. "ಒಂದೊಂದಿನ ಮರೀತೀನಿ, ಹೆದರ್ಕೋಬೇಡ ಅಂತ ಹೇಳವ್ನಿಗೆ" ಅಂದಿದ್ದಾರೆ.

ಮೋಲ್ಡ್ ಗುರುವಾರ ಮುಗಿಯಿತು. ಖಾಲಿ ಪೈಪುಗಳ ಬಾಯಿಗೆ ಎಲೆಕ್ಟ್ರಿಷಿಯನ್ ಸಿಮೆಂಟು ಚೀಲದ ತುಂಡು ತುರುಕಿ ಕಟ್ಟಿದ್ದಾನೆ. ಕಾಂಕ್ರೀಟಿಗೆ ನೀರು ಕಟ್ಟಿ ನಿಲ್ಲಿಸಿದೆ. ಟ್ಯಾಂಕರಿನ ದುಡ್ಡಿನ ಬಗ್ಗೆ ಇನ್ನೊಮ್ಮೆ ಬರೆಯುತ್ತೇನೆ.