ಕಮಾನಿನ ಕಾಲಿನ ಲೆಕ್ಕ

ಇಪ್ಪತ್ತು ವರ್ಷ ಮಕ್ಕಳಿಗೆ ಕ್ಷೇತ್ರಗಣಿತ ಹೇಳಿಕೊಟ್ಟ ನಾನು ಒಂದು ಕಮಾನಿನ ಅಳತೆಯಲ್ಲಿ ಎಡವಿದೆ. ಎಡವಿದ್ದು ನಾನಾದರೂ ಪೆಟ್ಟು ಬಿದ್ದದ್ದು ಜೋಯಿಡಾ ಕಡೆಯ ಒಬ್ಬ ಹುಡುಗಿಗೆ. ಅದಕ್ಕೇ ಈ ಬರಹ.

ಆ ಚಳಿಗಾಲ ದಾಂಡೇಲಿಯ ನಮ್ಮ ಶಾಲೆಯ ಕ್ರೀಡಾಕೂಟಕ್ಕೆ ಹಳಿಯಾಳ, ಜೋಯಿಡಾ, ಮುಂಡಗೋಡ ಕಡೆಯ ಮಕ್ಕಳನ್ನೂ ಕರೆದಿದ್ದೆವು. ದೊಡ್ಡ ಊರಿನ ಓಟಗಳಲ್ಲಿ ನಿಲ್ಲಿಸುತ್ತಾರಲ್ಲ, ಗಾಳಿ ತುಂಬಿದ ಕಮಾನು, ಅಂಥದ್ದು ನಮ್ಮಲ್ಲೂ ಇರಲಿ ಎಂದು ಹಳೆಯ ವಿದ್ಯಾರ್ಥಿಗಳು ಹಣ ಕೂಡಿಸಿದರು. ಶಾಲೆಯ ಹೆಸರು ಬರೆಸಿ ಹೊಲಿಸಬೇಕು. ಅಳತೆ ಹೇಳುವ ಕೆಲಸ ಲೆಕ್ಕದ ಮಾಸ್ತರನ ಪಾಲಿಗೆ ಬಂತು. ಓಟದ ಒಂದು ಲೇನಿನ ಅಗಲ 1.22 ಮೀಟರ್, ಅಂದರೆ 4 ಅಡಿ. ನಮ್ಮ ಮೈದಾನದಲ್ಲಿ ಆರು ಲೇನು. ಆರು ನಾಲ್ಕಲೆ ಇಪ್ಪತ್ತನಾಲ್ಕು. ‘24 ಅಡಿ ಅಗಲ, 15 ಅಡಿ ಎತ್ತರ’ ಎಂದು ಫೋನಿನಲ್ಲೇ ಹೇಳಿ ಮುಗಿಸಿದೆ.

ಕಮಾನು ಬಂತು. ಬ್ಲೋವರ್ ಹಾಕಿದೊಡನೆ ನೆಲದ ಮೇಲೆ ಬಿದ್ದಿದ್ದ ಬಟ್ಟೆ ಮೈಮುರಿದು ಎದ್ದು ನಿಂತಿತು. ಮಕ್ಕಳು ಚಪ್ಪಾಳೆ ತಟ್ಟಿದರು, ನಾನೂ ತಟ್ಟಿದೆ. ಗುರಿಯ ಗೆರೆಯ ಮೇಲೆ ಅದನ್ನು ನಿಲ್ಲಿಸಿದಾಗ ಆರನೇ ಲೇನಿನಲ್ಲಿ ಓಡಬೇಕಿದ್ದ ಹುಡುಗಿ ಮೆಲ್ಲಗೆ ಕೇಳಿದಳು: “ಸರ್, ಇದರ ಕಾಲು ನನ್ನ ಲೇನಿನ್ಯಾಗ ಐತಲ್ರೀ?”

ಹೌದು. ನಾನು ಹೇಳಿದ 24 ಅಡಿ ಹೊರಗಿನ ಅಳತೆ. ಕಮಾನಿನ ಒಂದೊಂದು ಕಾಲೂ 3 ಅಡಿ ದಪ್ಪ. ಎರಡೂ ಬದಿ ಕಳೆದರೆ ಒಳಗೆ ಉಳಿದದ್ದು 18 ಅಡಿ, ಅಂದರೆ ನಾಲ್ಕೂವರೆ ಲೇನು. ಒಂದನೇ ಮತ್ತು ಆರನೇ ಲೇನಿನವರಿಗೆ ನುಸುಳಲು ಸಿಕ್ಕಿದ್ದು ಒಂದೊಂದು ಅಡಿ. ಆದರೆ ಅತಿಥಿಗಳು ಬಂದಾಗಿತ್ತು, ಮೈಕು ಕೂಗುತ್ತಿತ್ತು. “ಸ್ವಲ್ಪ ಒಳಗ ಸರಿದು ಓಡವಾ, ಏನೂ ಆಗೂದಿಲ್ಲ” ಎಂದುಬಿಟ್ಟೆ.

ನೂರು ಮೀಟರಿನ ಹೀಟಿನಲ್ಲಿ ಅವಳೇ ಮುಂದಿದ್ದಳು. ಗೆರೆ ಎರಡು ಹೆಜ್ಜೆ ಇರುವಾಗ ಕಾಲಿಗೆ ಡಿಕ್ಕಿಯಾದೀತೆಂದು ತಡೆದಳು. ಮೂವರು ಅವಳನ್ನು ದಾಟಿದರು. ಫೈನಲಿಗೆ ಹೋಗುವವರು ಮೂವರೇ. ನಾನು ಮೈಕಿನಲ್ಲಿ ತಪ್ಪೊಪ್ಪಿಕೊಂಡೆ, ಕಮಾನು ತೆಗೆಸಿದೆ, ಹೀಟನ್ನು ಮತ್ತೆ ಓಡಿಸಿದೆವು. ಜೀವ ಬಿಟ್ಟು ಒಮ್ಮೆ ಓಡಿದ ಕಾಲು ಇನ್ನೊಮ್ಮೆ ಹಾಗೆ ಓಡುತ್ತದೆಯೇ? ಆಗಲೂ ನಾಲ್ಕನೆಯವಳಾದಳು. ಏನೂ ಅನ್ನಲಿಲ್ಲ, ಚಪ್ಪಲಿ ಕೈಯಲ್ಲಿ ಹಿಡಿದು ತಮ್ಮ ಶಾಲೆಯವರ ಗುಂಪಿಗೆ ಹೋದಳು.

ಆ ರಾತ್ರಿ ನನಗೆ ನೆನಪಾದದ್ದು ಚಿಕ್ಕಂದಿನಲ್ಲಿ ಹಳಿಯಾಳದಲ್ಲಿ ನೋಡಿದ ಬಿದಿರಿನ ಕಮಾನು. ಕಟ್ಟಲು ಬಂದ ಅಜ್ಜ ಮೊದಲು ಕೇಳುತ್ತಿದ್ದ ಪ್ರಶ್ನೆ, “ಇದರ ಕೆಳಗ ಏನ ಹಾಯತೈತ್ರೀ?” ಗಾಡಿ ಎಂದರೆ ಕಬ್ಬು ಹೇರಿದ ಗಾಡಿಯ ಅಗಲಕ್ಕೆ ಬಿದಿರು ಹಿಡಿದು, ಎರಡೂ ಕಡೆ ಒಂದೊಂದು ಮೊಳ ಬಿಟ್ಟು ಗುಣಿ ತೋಡುತ್ತಿದ್ದ. ಅವನು ಅಳೆಯುತ್ತಿದ್ದದ್ದು ಕಮಾನನ್ನಲ್ಲ, ಹಾಯುವ ದಾರಿಯನ್ನು. ಶಾಲೆಯ ಮೆಟ್ಟಿಲು ಹತ್ತದ ಅಜ್ಜನಿಗೆ ತಿಳಿದದ್ದು ನನಗೆ ತಿಳಿಯಲಿಲ್ಲ.

ಮರುವಾರ ಒಂಬತ್ತನೇ ತರಗತಿಯ ಮಕ್ಕಳಿಗೆ ಇದನ್ನೇ ಲೆಕ್ಕವಾಗಿ ಕೊಟ್ಟೆ. ಆರು ಲೇನಿಗೆ 24 ಅಡಿ, ಎರಡೂ ಬದಿ ಬಿಡುವು 3 ಅಡಿಯಂತೆ 6, ಕಾಲುಗಳಿಗೆ 6. ಒಟ್ಟು 36 ಅಡಿ. ಕಟ್ಟುವ ಹಗ್ಗಕ್ಕೆ ಹೊರಗೆ ಇನ್ನಷ್ಟು ಜಾಗ ಬೇಕು, ಮಕ್ಕಳು ಎಡವದ ಹಾಗೆ. ಎತ್ತರವೂ ಅಷ್ಟೆ: 15 ಅಡಿ ಎಂದರೆ ಮೇಲಿನ ತೊಲೆಯ 3 ಅಡಿ ಕಳೆದು ಒಳಗೆ 12; ನಡುವೆ ತುಸು ಜೋತರೆ ಇನ್ನೂ ಕಡಿಮೆ. ಕೆಳಗೆ ಬಸ್ಸು ಹಾಯುವುದಾದರೆ ಅದರ ನೆತ್ತಿಯ ಕ್ಯಾರಿಯರನ್ನೂ ಸೇರಿಸಿ ಅಳೆಯಬೇಕು. ಮೇಲೆ ಕರೆಂಟಿನ ತಂತಿ ಇದ್ದರೆ ಆ ಜಾಗವೇ ಬೇಡ.

“ಹಂಗಾದರ ಎಲ್ಲಾ ಎರಡು ಪಟ್ಟು ಮಾಡಿಬಿಡೂಣ್ರಿ” ಎಂದ ಒಬ್ಬ. ಅವನಿಗೆ 1638ರಲ್ಲಿ ಗೆಲಿಲಿಯೋ ತನ್ನ ಪುಸ್ತಕದಲ್ಲಿ ಬರೆದ ಮಾತು ಹೇಳಿದೆ. ಉದ್ದ, ಅಗಲ, ದಪ್ಪ ಎಲ್ಲವೂ ಎರಡು ಪಟ್ಟಾದರೆ ಮೈಯ ಹರವು ನಾಲ್ಕು ಪಟ್ಟು, ಒಳಗಿನ ಗಾಳಿ ಎಂಟು ಪಟ್ಟು. ಬಟ್ಟೆಯ ಖರ್ಚು ನಾಲ್ಕು ಪಟ್ಟು, ಹೊರಗಿನ ಗಾಳಿಯ ನೂಕೂ ನಾಲ್ಕು ಪಟ್ಟು. ನಮ್ಮ ಕಮಾನಿನ ಎದುರುಮೈ 144 ಚದರಡಿ. ಗಂಟೆಗೆ 36 ಕಿಲೋಮೀಟರ್ ಗಾಳಿ ಬೀಸಿದರೆ ಅದರ ಮೇಲೆ ಸುಮಾರು 80 ಕಿಲೋ ತೂಕದಷ್ಟು ನೂಕು ಬೀಳುತ್ತದೆ. ಗಾಳಿಯ ವೇಗ ಇಮ್ಮಡಿಯಾದರೆ ನೂಕು ನಾಲ್ಕು ಪಟ್ಟು. ಜೋಯಿಡಾದ ಕಾಡಿನ ಮರೆಯ ಮೈದಾನದಲ್ಲಿ ನಿಂತ ಕಮಾನು ಮುಂಡಗೋಡದ ಬಯಲಿನಲ್ಲಿ ನಿಲ್ಲುತ್ತದೆಂದು ನಂಬುವಂತಿಲ್ಲ. ಕರೆಂಟು ಹೋದರಂತೂ ಬ್ಲೋವರ್ ನಿಂತು ಅದು ಮಕ್ಕಳ ಮೇಲೇ ಮಲಗುತ್ತದೆ.

ಶಾಲೆಗೆ ಏನಾದರೂ ಕೊಡಬೇಕೆನ್ನುವ ಪಾಲಕರಿಗೆ ಇಷ್ಟೇ ನನ್ನ ವಿನಂತಿ: ಅಕ್ಷರ ಎಷ್ಟು ದೊಡ್ಡದಾಗಿ ಕಾಣಬೇಕು ಎಂಬುದು ಕೊನೆಯ ಪ್ರಶ್ನೆಯಾಗಲಿ. ಮೊದಲು ಟೇಪು ಹಿಡಿದು ಮಕ್ಕಳ ಜೊತೆ ಮೈದಾನಕ್ಕೆ ಹೋಗಿ. ಹೊಲಿಯುವವರಿಗೆ ‘ಒಳಗಿನ ಬಿಡುವು ಇಷ್ಟು’ ಎಂದು ಬರೆದು ಕೊಡಿ. ಮಗುವೊಂದು ಬಂದು ಸಂಶಯ ಕೇಳಿದರೆ, ಮೈಕು ಕೂಗುತ್ತಿದ್ದರೂ ನಿಂತು ಕೇಳಿಸಿಕೊಳ್ಳಿ.

ನಮ್ಮ ಕಮಾನು ಈಗ ಸ್ವಾಗತಕ್ಕೆ ಶಾಲೆಯ ಗೇಟಿನಲ್ಲಿ ನಿಲ್ಲುತ್ತದೆ. ಅಲ್ಲಿಗೆ 18 ಅಡಿ ಧಾರಾಳ. ಗುರಿಯ ಗೆರೆಗೆ ಮತ್ತೆ ಎರಡು ಬಿದಿರು, ಒಂದು ದಾರ. ಮರುವರ್ಷವೂ ಆ ಹುಡುಗಿ ಬಂದಳು. ಚೀಟಿ ಎತ್ತಿದಾಗ ಸಿಕ್ಕಿದ್ದು ಮತ್ತೆ ಆರನೇ ಲೇನೇ. ಫೈನಲಿನಲ್ಲಿ ಎರಡನೆಯವಳಾದಳು. ಕೊನೆಯ ಎರಡು ಹೆಜ್ಜೆಯಲ್ಲಿ ಅವಳು ತಡೆಯಲಿಲ್ಲ. ನಾನು ಉಸಿರು ಬಿಗಿಹಿಡಿದು ನೋಡುತ್ತಿದ್ದದ್ದು ಅದನ್ನಷ್ಟೆ.