ಆರ್ಟಿಕಲ್ಲೂ ನಮ್ಮ ಕನ್ನಡವೂ

ಗೋಕಾಕ, ಮೂಡಲಗಿ, ಹುಕ್ಕೇರಿ ತಾಲೂಕುಗಳ ಹಳ್ಳಿಗಳಿಂದ ನಮ್ಮ ಶಾಲೆಗೆ ಬರುವ ಬಾಲಿಕೆಯರು ಲೆಕ್ಕದಲ್ಲಿ ಚುರುಕು, ಹಾಡಿನಲ್ಲಿ ಮುಂದು, ಹೊಲಿಗೆಯಲ್ಲಿ ಜಾಣೆಯರು. ಆದರೆ ಇಂಗ್ಲಿಷ್ ಬರವಣಿಗೆಯಲ್ಲಿ ಅವರೆಲ್ಲರೂ ಎಡವುವ ಕಲ್ಲು ಒಂದೇ. ಅದು ‘ದಿ’ ಎಂಬ ಚಿಕ್ಕ ಪದವು. ‘ಸನ್ ರೈಸಸ್ ಇನ್ ಈಸ್ಟ್’ ಎಂದು ಬರೆದಿಟ್ಟು, ಸೂರ್ಯನಿಗೂ ಪೂರ್ವ ದಿಕ್ಕಿಗೂ ಸಲ್ಲಬೇಕಾದ ಆ ಪದವನ್ನು ಮರೆತುಬಿಡುತ್ತಾರೆ. ಶಿಕ್ಷಕಿಯರ ಕೆಂಪು ಶಾಯಿಯು ಇದರ ಸಲುವಾಗಿಯೇ ಬಹಳ ವೆಚ್ಚವಾಗುತ್ತದೆ.

ಅಂಕಗಳು ಕಡಿಮೆಯಾಗುವುದು ಸಣ್ಣ ಮಾತು. ಅದರ ಬೆನ್ನಿಗೆ ಮನಸ್ಸಿನಲ್ಲಿ ಬೇರೂರುವ ಒಂದು ಭಾವನೆ ದೊಡ್ಡ ಮಾತು. “ಅಕ್ಕೋರೇ, ಕನ್ನಡದಾಗ ಇದು ಇಲ್ಲವೇ ಇಲ್ಲ. ಅದಕ್ಕ ನಮ್ಮಂಥವರಿಗೆ ತಿಳಿಯಂಗಿಲ್ಲ,” ಎಂದು ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ತಲೆ ತಗ್ಗಿಸಿ ನನಗೆ ಹೇಳಿದಳು. ತನ್ನ ತಾಯಿನುಡಿಯು ಬಡವೆಂದೂ ಆದ್ದರಿಂದ ತನ್ನ ಬುದ್ಧಿಯೂ ಬಡವೆಂದೂ ಒಂದು ಮಗು ನಂಬಿದರೆ, ಆ ನಷ್ಟವನ್ನು ಯಾವ ಪರೀಕ್ಷೆಯೂ ಅಳೆಯಲಾರದು. ಅದಕ್ಕಾಗಿಯೇ ಈ ಸಂಚಿಕೆಯಲ್ಲಿ ಈ ವಿಷಯವನ್ನು ಎತ್ತಿಕೊಂಡಿದ್ದೇನೆ.

ಕನ್ನಡದಲ್ಲಿ ಆರ್ಟಿಕಲ್ ಎಂಬ ಪದಜಾತಿಯು ಇಲ್ಲವೆಂಬುದು ನಿಜ. 13ನೆಯ ಶತಮಾನದ ಕೇಶಿರಾಜನು ತನ್ನ ‘ಶಬ್ದಮಣಿದರ್ಪಣ’ದಲ್ಲಿ ಸಂಧಿ, ನಾಮ, ಸಮಾಸ ಮೊದಲಾದ ಪ್ರಕರಣಗಳನ್ನು ರಚಿಸಿದನೇ ಹೊರತು ಇದಕ್ಕೊಂದು ಪ್ರಕರಣವನ್ನು ಇಡಲಿಲ್ಲ. ಆದರೆ ಪದವಿಲ್ಲವೆಂದ ಮಾತ್ರಕ್ಕೆ ಅರ್ಥವೂ ಇಲ್ಲವೆ? ನಮ್ಮ ಅಜ್ಜಿಯಂದಿರು ಹೇಳುವ ಕಥೆಗಳನ್ನು ನೆನೆಯಿರಿ. ಒಂದು ಊರಿನಲ್ಲಿ ಒಬ್ಬ ರಾಜನಿದ್ದನು ಎಂದು ಮೊದಲಾಗುತ್ತದೆ. ಎರಡನೆಯ ಮಾತಿಗೆ ಅವನು ‘ಆ ರಾಜ’ನಾಗುತ್ತಾನೆ. ಮೊದಲನೆಯದು ಇಂಗ್ಲಿಷಿನ ‘ಎ’, ಎರಡನೆಯದು ‘ದಿ’. ನಾಲ್ಕು ವರ್ಷದ ಕೂಸಿಗೂ ಈ ಭೇದವು ತಿಳಿದಿದೆ.

ಇನ್ನೂ ಸೂಕ್ಷ್ಮವಾದ ಉಪಾಯಗಳು ನಮ್ಮಲ್ಲಿವೆ. ‘ಬಾವಿಯ ಕಟ್ಟೆಯ ಮೇಲೆ ಕೊಡ ಇದೆ’ ಎಂದರೆ ಯಾವುದೋ ಒಂದು ಕೊಡ. ‘ಕೊಡ ಬಾವಿಯ ಕಟ್ಟೆಯ ಮೇಲೆ ಇದೆ’ ಎಂದರೆ ನಾವಿಬ್ಬರೂ ಬಲ್ಲ, ನೀನು ಹುಡುಕುತ್ತಿರುವ ಕೊಡ. ಪದಗಳು ಅವೇ, ಸ್ಥಾನ ಮಾತ್ರ ಬೇರೆ. ‘ಪುಸ್ತಕ ತಂದಳು’ ಎಂಬುದಕ್ಕೂ ‘ಪುಸ್ತಕವನ್ನು ತಂದಳು’ ಎಂಬುದಕ್ಕೂ ಇರುವ ಅಂತರವನ್ನು ಕಿವಿಗೊಟ್ಟು ಕೇಳಿರಿ. ದ್ವಿತೀಯಾ ವಿಭಕ್ತಿಯು ಸೇರಿದೊಡನೆ, ನಾವು ಮಾತಾಡುತ್ತಿದ್ದ ಆ ಪುಸ್ತಕವೇ ಎಂಬ ಭಾವವು ಬಹುಮಟ್ಟಿಗೆ ಮೂಡುತ್ತದೆ. ‘ಹುಡುಗಿಯೊಬ್ಬಳು ಬಂದಳು’ ಎಂದಾಗಲಂತೂ ‘ಎ’ ಎಂಬುದು ನಾಮಪದದ ಬೆನ್ನಿಗೇ ಅಂಟಿಕೊಂಡಿದೆ.

ಇಂಗ್ಲಿಷಿನ ನಿಯಮವೇ ಲೋಕದ ನಿಯಮವೆಂದು ತಿಳಿಯುವವರಿಗೆ ಮೂರನೆಯ ಭಾಷೆಯೊಂದರ ಸಾಕ್ಷ್ಯವು ಹಿತಕರ. ಮೂಡಲಗಿಯ ಕಡೆಯ ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳು ಬೆಂಗಳೂರಿನಲ್ಲಿ ನೌಕರಿಯಲ್ಲಿದ್ದು, ಕೆಲಸದ ಸಲುವಾಗಿ ಸ್ಪ್ಯಾನಿಷ್ ಭಾಷೆಯನ್ನು ಅಭ್ಯಾಸ ಮಾಡುತ್ತಿದ್ದಾಳೆ. ದಸರೆಯ ರಜೆಯಲ್ಲಿ ಬಂದಾಗ ಅವಳು ತನ್ನ ವಹಿಯನ್ನು ನನ್ನ ಮುಂದಿಟ್ಟು, “ಇಂಗ್ಲಿಷಿನ್ಯಾಗ ಒಂದ ‘ದಿ’ ಇತ್ತು. ಇಲ್ಲಿ ನಾಕು ಅದಾವ್ರಿ ಅಕ್ಕೋರೇ!” ಎಂದು ನಕ್ಕಳು. ಪುಲ್ಲಿಂಗಕ್ಕೆ ‘ಎಲ್’, ಸ್ತ್ರೀಲಿಂಗಕ್ಕೆ ‘ಲಾ’, ಬಹುವಚನದಲ್ಲಿ ‘ಲೋಸ್’ ಮತ್ತು ‘ಲಾಸ್’. ಪುಸ್ತಕವು ‘ಎಲ್ ಲಿಬ್ರೊ’, ಮೇಜು ‘ಲಾ ಮೆಸಾ’. ಕೈ ಎಂಬರ್ಥದ ‘ಮಾನೊ’ ಪುಲ್ಲಿಂಗದಂತೆ ಕಂಡರೂ ‘ಲಾ ಮಾನೊ’ ಎನ್ನಬೇಕು. ಸಂಕೇಶ್ವರದ ಕಡೆಯಿಂದ ಬರುವ, ಮರಾಠಿ ಬಲ್ಲ ನಮ್ಮ ಹುಡುಗಿಯರಿಗೆ ಇದು ಹೊಸತಲ್ಲ. ಆ ಭಾಷೆಯಲ್ಲಿಯೂ ಚಹವು ಗಂಡು, ಭಾಕರಿಯು ಹೆಣ್ಣು. ಲಿಂಗವನ್ನು ತರ್ಕದಿಂದಲ್ಲ, ಪದದೊಡನೆಯೇ ಬಾಯಿಪಾಠದಿಂದ ಕಲಿಯಬೇಕು. ಸ್ಪ್ಯಾನಿಷಿನಲ್ಲಿ ‘ದೆ’ ಎಂಬುದರ ಮುಂದೆ ‘ಎಲ್’ ಬಂದರೆ ‘ದೆಲ್’ ಆಗುತ್ತದೆ. ‘ಊರು’, ‘ಅಲ್ಲಿ’ ಸೇರಿ ‘ಊರಲ್ಲಿ’ ಆಗುವ ಲೋಪಸಂಧಿಯನ್ನು ಬಲ್ಲವರಿಗೆ ಇದರಲ್ಲೇನು ಕಷ್ಟ?

ಮುಂದಿನದು ಇನ್ನೂ ಸ್ವಾರಸ್ಯಕರವಾಗಿದೆ. ‘ನನಗೆ ಕಾಫಿ ಸೇರುತ್ತದೆ’ ಎಂಬುದನ್ನು ಹೇಳುವಾಗ ಇಂಗ್ಲಿಷರು ಕಾಫಿಗೆ ಆರ್ಟಿಕಲ್ ಹಚ್ಚುವುದಿಲ್ಲ. ಸ್ಪ್ಯಾನಿಷರು ‘ಮೆ ಗುಸ್ತಾ ಎಲ್ ಕಫೆ’ ಎಂದು ಹಚ್ಚಿಯೇ ಹೇಳುತ್ತಾರೆ. ಆದರೆ ವಾಕ್ಯದ ಕಟ್ಟು ನಮ್ಮಂತೆಯೇ, ‘ನನಗೆ’ ಎಂದೇ ಮೊದಲಾಗುತ್ತದೆ. ಇಂಗ್ಲಿಷರು ‘ನನ್ನ ಕೈಗಳನ್ನು ತೊಳೆದೆನು’ ಎನ್ನುವಲ್ಲಿ ಸ್ಪ್ಯಾನಿಷರು ‘ನನ್ನ’ ಎಂಬುದನ್ನು ಬಿಟ್ಟು ‘ಲಾಸ್ ಮಾನೋಸ್’ ಎಂದಷ್ಟೇ ಹೇಳಿ, ಕೈ ಯಾರದೆಂಬುದನ್ನು ಕ್ರಿಯಾಪದದ ಜೊತೆಗಿನ ‘ಮೆ’ ಎಂಬುದರಿಂದ ಸೂಚಿಸುತ್ತಾರೆ. ನಾವೂ ‘ಕೈ ತೊಳೆದುಕೊಂಡೆ’ ಎನ್ನುತ್ತೇವೆ. ಆ ‘ಕೊಂಡೆ’ ಎಂಬುದೇ ಕೈಗಳು ನನ್ನವೆಂದು ಸಾರುತ್ತದೆ. ‘ಅವಳು ಶಿಕ್ಷಕಿ’ ಎನ್ನುವಾಗ ಇಂಗ್ಲಿಷಿಗೆ ‘ಎ’ ಬೇಕು. ಸ್ಪ್ಯಾನಿಷಿಗೂ ಕನ್ನಡಕ್ಕೂ ಬೇಡ. ನದಿಯ ಹೆಸರಿಗೆ ಇಂಗ್ಲಿಷಿನಲ್ಲಿ ‘ದಿ ಘಟಪ್ರಭಾ’ ಎಂದು ಬರೆಯಬೇಕು; ಗೋಕಾಕಕ್ಕೆ ಬೇಡ. ನಮ್ಮ ದೇಶದ ಹೆಸರಿಗೆ ಇಂಗ್ಲಿಷರು ಏನನ್ನೂ ಹಚ್ಚದಿರಲು, ಸ್ಪ್ಯಾನಿಷರು ಸಾಮಾನ್ಯವಾಗಿ ‘ಲಾ ಇಂದಿಯಾ’ ಎನ್ನುತ್ತಾರೆ. ತಮ್ಮ ದೇಶವನ್ನು ಮಾತ್ರ ಬರಿದೆ ‘ಎಸ್ಪಾನ್ಯಾ’ ಎನ್ನುತ್ತಾರೆ. ಹೀಗೆ ಒಂದೊಂದು ನುಡಿಗೆ ಒಂದೊಂದು ರೂಢಿ. ಒಂದರ ಮೊಳದಿಂದ ಇನ್ನೊಂದನ್ನು ಅಳೆಯಲಾಗದು.

ಈ ಆರ್ಟಿಕಲ್ಲುಗಳಾದರೂ ಎಲ್ಲಿಂದ ಬಂದವು? ಸ್ಪ್ಯಾನಿಷಿನ ತಾಯಿಯಾದ ಲ್ಯಾಟಿನ್ ಭಾಷೆಯಲ್ಲಿ ನಮ್ಮಲ್ಲಿಯಂತೆಯೇ ಅವು ಇರಲಿಲ್ಲ. ‘ಆ’, ‘ಅದು’ ಎಂಬರ್ಥದ ‘ಇಲ್ಲೆ’, ‘ಇಲ್ಲಾ’ ಎಂಬ ಲ್ಯಾಟಿನ್ ಪದಗಳೇ ಕಾಲಕ್ರಮದಲ್ಲಿ ಸವೆದು ‘ಎಲ್’, ‘ಲಾ’ ಆದವು. ಇಂಗ್ಲಿಷಿನ ‘ದಿ’ ಎಂಬುದೂ ಹಳೆಯದೊಂದು ‘ಆ’ ಎಂಬ ಪದವೇ. ‘ಆ್ಯನ್’ ಎಂಬುದು ‘ಒಂದು’ ಎಂಬ ಸಂಖ್ಯೆಯೇ. ಎಂದ ಮೇಲೆ ಅವರ ಆರ್ಟಿಕಲ್ಲುಗಳ ಬೀಜವು ನಮ್ಮ ಅಜ್ಜಿಯ ಕಥೆಯಲ್ಲಿರುವ ‘ಒಬ್ಬ’, ‘ಆ’ ಎಂಬ ಪದಗಳಂಥವೇ ಅಲ್ಲವೆ?

ಆದುದರಿಂದ ನನ್ನ ಸಹಶಿಕ್ಷಕಿಯರಲ್ಲಿ ಒಂದು ವಿನಂತಿ. ‘ದಿ’ ಬಿಟ್ಟುಹೋದಲ್ಲಿ ಕೆಂಪು ಗೆರೆಯೆಳೆದು ಮುಂದೆ ಸಾಗಬೇಡಿರಿ. ಆ ಮಾತನ್ನು ಕನ್ನಡದಲ್ಲಿ ಹೇಳಿಸಿರಿ. ಯಾವುದೋ ಒಂದೋ, ನಾವು ಬಲ್ಲುದೋ ಎಂದು ಕೇಳಿರಿ. ಉತ್ತರವು ಅವಳಲ್ಲಿಯೇ ಇದೆ. ರೂಢಿಯಿಂದ ಮಾತ್ರ ಬಂದವುಗಳನ್ನು ಹಾಡಿನಂತೆ ಬಾಯಿಪಾಠ ಮಾಡಿಸಿರಿ. ವಿದ್ಯಾರ್ಥಿನಿಯರೇ, ನೀವು ಇಂಗ್ಲಿಷನ್ನು ಕಲಿಯಿರಿ, ಸಾಧ್ಯವಾದರೆ ಸ್ಪ್ಯಾನಿಷನ್ನೂ ಕಲಿಯಿರಿ. ಆದರೆ ಪರಭಾಷೆಯ ಬಾಗಿಲಲ್ಲಿ ಭಿಕ್ಷುಕಿಯರಂತೆ ನಿಲ್ಲದೆ, ಮನೆಯಲ್ಲಿ ತುಂಬಿದ ಕಣಜವಿರುವ ಒಕ್ಕಲಗಿತ್ತಿಯಂತೆ ತಲೆಯೆತ್ತಿ ಒಳಗೆ ಹೋಗಿರಿ.